ಆರುನೂರನೆಯ ಮೀನಿಗೆ ಬಾರಿಸಿದ ಗಂಟೆ

ಕೆನಡಾದ ಪಶ್ಚಿಮ ಕಡಲಂಚಿನ ಆಲ್ಡರ್ ಹೊಳೆಯ ದಡದಲ್ಲಿ ಆಗಸ್ಟ್ ತಿಂಗಳು ಬಂತೆಂದರೆ ಮಾತೆಲ್ಲ ಸಾಲ್ಮನ್ ಮೀನಿನದೇ. ಯಾರ ಗಾಳಕ್ಕೆ ಎಷ್ಟು ದೊಡ್ಡದು ಬಿತ್ತು, ಯಾರದು ತಪ್ಪಿಸಿಕೊಂಡಿತು, ತಪ್ಪಿಸಿಕೊಂಡದ್ದು ಎಷ್ಟು ಉದ್ದ ಇತ್ತು, ಬರೀ ಇದೇ. ತಪ್ಪಿಸಿಕೊಂಡ ಮೀನಂತೂ ಪ್ರತಿ ಸಲ ಹೇಳುವಾಗಲೂ ಒಂದು ಗೇಣು ಬೆಳೆಯುತ್ತದೆ. ಆದರೆ ಆ ವರ್ಷ ಮಾತು ಬೇರೆಯಾಗಿತ್ತು. ಮೀನೇ ಸರಿಯಾಗಿ ಬಂದಿರಲಿಲ್ಲ.

ಹಾಲ್ವರ್ ಮಾತ್ರ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಮರ ಕೊಯ್ಯುವ ಮಿಲ್ಲಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದವನು, ಈಗ ಊರಿನ ಗಾಳದವರ ಸಂಘದ ಅಧ್ಯಕ್ಷ. ಅವನು ಜಗಲಿಯಲ್ಲಿ ಕೂತು ಒಂದು ಹಿತ್ತಾಳೆ ಗಂಟೆಯನ್ನು ಉಜ್ಜುತ್ತಿದ್ದ. ಅವನ ಅಪ್ಪ ಸಿಗುರ್ಡ್ ಹಳೆಯ ದೋಣಿಯೊಂದರಿಂದ ಬಿಚ್ಚಿ ತಂದ ಗಂಟೆ ಅದು. ಆಗಸ್ಟ್ ತಿಂಗಳ ಮೂರನೇ ಶನಿವಾರ ಗಾಳದ ಪಂದ್ಯ ಶುರು ಮಾಡಿದವನೂ ಆ ಅಪ್ಪನೇ. ಒಂದೊಂದು ಮೀನು ತಕ್ಕಡಿಗೆ ಬಂದಾಗಲೂ ಗಂಟೆ ಬಾರಿಸಬೇಕು. ಈ ಸಲ ಪಂದ್ಯಕ್ಕೆ ಐವತ್ತು ತುಂಬುತ್ತಿತ್ತು.

ಪಕ್ಕದ ಮನೆಯ ವೆಲ್ಮಾ ಬೇಲಿ ದಾಟಿ ಬಂದಳು. ಅವಳು ಈ ಹೊಳೆ ಸೀಮೆಯ ಮೂಲನಿವಾಸಿ ಜನರ ಪೈಕಿಯವಳು. ಹಾಲ್ವರನ ಅಜ್ಜ ಹಡಗು ಇಳಿಯುವುದಕ್ಕೆ ಎಷ್ಟೋ ತಲೆಮಾರು ಮೊದಲಿನಿಂದ ಅವಳ ಜನ ಇಲ್ಲಿದ್ದಾರೆ. ಹೊಳೆಯ ಮೇಲ್ಗಡೆ ಇರುವ ಎಣಿಕೆ ಬೇಲಿಯಲ್ಲಿ, ಮೊಟ್ಟೆ ಇಡಲು ಹತ್ತಿ ಹೋಗುವ ಮೀನುಗಳನ್ನು ಎಣಿಸುವುದು ಹನ್ನೆರಡು ವರ್ಷದಿಂದ ಅವಳ ಕೆಲಸ.

"ಎಷ್ಟು ಉಜ್ತೀಯೋ ಹಾಲ್ವರ್? ಸವೆದು ಹೋದೀತು ಗಂಟೆ."

"ಐವತ್ತನೇ ವರ್ಷ ಕಣೇ. ಹೊಳೀಲೇಬೇಕು. ಕೂತ್ಕೋ, ಕಾಫಿ ಕುಡಿ."

"ಕಾಫಿ ಆಮೇಲೆ. ಮೊದ್ಲು ಇದನ್ನ ಕೇಳು. ಇವತ್ತಿಗೆ ಎಣಿಕೆ ಬೇಲಿ ದಾಟಿರೋ ಮೀನು ಇನ್ನೂರ ಹದಿನಾಲ್ಕು. ಹೋದ ವರ್ಷ ಇದೇ ದಿನಕ್ಕೆ ಒಂಬೈನೂರು ದಾಟಿತ್ತು."

 ಹಾಲ್ವರ್ ಉಜ್ಜುತ್ತಲೇ ಇದ್ದ. "ತಡವಾಗಿ ಬರ್ತವೆ ಬಿಡು."

"ಆರುನೂರಾದ್ರೂ ಮೇಲೆ ಹೋಗ್ಬೇಕು, ಇಲ್ದಿದ್ರೆ ಹೊಳೆಗೆ ಬಿತ್ತನೆ ಸಾಲಲ್ಲ. ನಾಳಿದ್ದು ಸಭೆ ಇದೆಯಲ್ಲ, ಅಷ್ಟು ದಾಟೋ ತನಕ ಯಾರೂ ಮೀನು ಮುಟ್ಟಬಾರದು ಅಂತ ಒಪ್ಪಂದ. ನಮ್ಮವರು ಸಹಿ ಹಾಕಿ ಆಯ್ತು. ದೋಣೀಲಿ ಹೋಗಿ ಬಲೆ ಬೀಸೋರ ಪರವಾಗಿ ಮಿನೋರು ಹಾಕ್ತಾನಂತೆ, ಆದ್ರೆ ಗಾಳದವರು ಹಾಕಿದ ಮೇಲೆ. ಉಳಿದಿರೋದು ನೀನೊಬ್ಬ."

"ನಾನು ಹಾಕದೇ ಹೋದ್ರೆ?"

"ಮಿನೋರು ಹಾಕಲ್ಲ. ದೋಣಿಗಳು ಹೊರಡ್ತವೆ. ದೋಣಿ ಹೊರಟ್ರೆ ನಮ್ಮ ಹುಡುಗ್ರೂ ಸುಮ್ನೆ ಕೂರಲ್ಲ. ಇರೋ ನಾಲ್ಕು ಮೀನಿನ ಮೇಲೆ ಊರೇ ಬೀಳತ್ತೆ."

"ಅಂದ್ರೆ ಪಂದ್ಯ?"

"ಈ ವರ್ಷ ಬೇಡ."

ಹಾಲ್ವರ್ ಗಂಟೆಯನ್ನು ಕೆಳಗಿಟ್ಟ. ಮುಖ ಕೆಂಪಾಗಿತ್ತು. "ಬೇಡ ಅನ್ನೋದು ಎಷ್ಟು ಸಲೀಸಾಗಿ ಬಂತು ನೋಡು ನಿನ್ನ ಬಾಯಲ್ಲಿ! ನಮ್ಮಪ್ಪ ಶುರು ಮಾಡಿದ್ದು ಕಣೇ ಅದು. ಒಂದು ವರ್ಷ ತಪ್ಪಿಲ್ಲ. ಅದೂ ಅಲ್ದೆ, ನಾವೆಲ್ಲಿ ಮೀನು ಕೊಲ್ತೀವಿ? ಹಿಡೀತೀವಿ, ಫೋಟೋ ತೆಗೀತೀವಿ, ಬಿಡ್ತೀವಿ. ಜುಲೈಯಿಂದ ಹನ್ನೊಂದು ಹಿಡ್ದೆ, ಹನ್ನೊಂದೂ ಬಿಟ್ಟೆ. ಬೇಕಾದ್ರೆ ಪಂದ್ಯದಲ್ಲೂ ತೂಗಿ ಬಿಟ್ಟುಬಿಡೋಣ. ಹೋಗು, ಬಲೆಯವರಿಗೆ ಬುದ್ಧಿ ಹೇಳು. ನಿಮ್ಮವರಿಗೂ ಹೇಳು. ಮೀನಿಗೆ ಹೊಗೆ ಕೊಡೋ ನಿಮ್ಮ ಹೊಗೆಮನೆಗೆ ಬಾಗಿಲು ಯಾವತ್ತೂ ತೆಗೆದಿರತ್ತೆ, ಬೀಗ ಮಾತ್ರ ನಮ್ಮ ಗಾಳಕ್ಕೆ!"

ವೆಲ್ಮಾ ಸಿಟ್ಟಾಗಲಿಲ್ಲ.  "ನಾಳೆ ಬೆಳಿಗ್ಗೆ ಆರಕ್ಕೆ ಎಣಿಕೆ ಬೇಲಿ ಹತ್ರ ಬಾ. ನೋಡಿದ ಮೇಲೂ ಆಗಲ್ಲ ಅಂದ್ರೆ ಆಗಲ್ಲ ಅನ್ನು."

"ಏನು ನೋಡೋದು? ಮೀನಾ? ಐವತ್ತು ವರ್ಷದಿಂದ ನೋಡ್ತಾ ಇದೀನಿ."

"ನೀನು ನೋಡಿಲ್ಲ ಅಂತಾನೇ ಕರೀತಿರೋದು," ಎಂದು ವೆಲ್ಮಾ ಎದ್ದು ಹೋದಳು.

ಸಂಜೆ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬೆಣ್ಣೆ, ಉಪ್ಪಿನಲ್ಲಿಟ್ಟ ಸೌತೆಕಾಯಿ. ಹಾಲ್ವರ್ ತಟ್ಟೆಯ ಮುಂದೆ ಕೂತು ಗೊಣಗುತ್ತಲೇ ಇದ್ದ. ಹೆಂಡತಿ ಮಾರ್ಗಿಟ್ ಒಗೆದ ಹೊದಿಕೆಗಳನ್ನು ಮಡಚುತ್ತಿದ್ದಳು. ಒಂದನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು.

"ಒಂದು ಗಮನಿಸಿದ್ಯಾ? ಈ ವರ್ಷ ನನ್ನ ಬಟ್ಟೆ ಹೊಗೆ ವಾಸನೆ ಬರ್ತಾನೇ ಇಲ್ಲ."

ಇದು ಸಣ್ಣ ಮಾತಲ್ಲ. ಮದುವೆಯಾಗಿ ಬಂದ ಮೂವತ್ತೆಂಟು ವರ್ಷದಿಂದ ಆಗಸ್ಟ್ ತಿಂಗಳಿಡೀ ಮಾರ್ಗಿಟ್ ವೆಲ್ಮಾಳ ಮೇಲೆ ಕೂಗಾಡುತ್ತಿದ್ದಳು. ವೆಲ್ಮಾ ಚಳಿಗಾಲಕ್ಕೆಂದು ಮೀನನ್ನು ಸೀಳಿ ತೂಗುಹಾಕಿ ಹೊಗೆ ಕೊಡುವ ಗೂಡು ಬೇಲಿಯ ಆಚೆಗೇ ಇತ್ತು. ಗಾಳಿ ತಿರುಗಿದರೆ ಸಾಕು, ತಂತಿಯ ಮೇಲಿನ ಬಟ್ಟೆಯೆಲ್ಲ ಹೊಗೆ, ಮೀನು. "ನನ್ನ ದಿಂಬೂ ಮೀನಾಯ್ತಲ್ಲೇ ವೆಲ್ಮಾ!" ಎಂದು ಇವಳು ಕೂಗುವುದು, ದಂಡ ಎಂದು ಅವಳು ಬಿಸಿ ಬಿಸಿ ಮೀನಿನ ತುಂಡು ಕಳಿಸುವುದು, ಪ್ರತಿ ವರ್ಷದ ನಾಟಕ.

ಹಾಲ್ವರ್ ಎದ್ದು ಕಿಟಕಿಯಾಚೆ ನೋಡಿದ. ಹೊಗೆಮನೆಯ ಬಾಗಿಲು ಮುಚ್ಚಿತ್ತು. ವಸಂತದಲ್ಲಿ ಒಡೆದು ಒಟ್ಟಿದ ಸೌದೆ ಒಂದು ತುಂಡೂ ಕದಲಿರಲಿಲ್ಲ. ಬಾಗಿಲ ಚಿಲಕದಲ್ಲಿ ಜೇಡ ಬಲೆ ಕಟ್ಟಿತ್ತು.

"ಅವಳು ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?" ಎಂದಳು ಮಾರ್ಗಿಟ್.

ಬೆಳಿಗ್ಗೆ ಆರಕ್ಕೆ ಐದು ನಿಮಿಷ ಮೊದಲೇ ಹಾಲ್ವರ್ ಎಣಿಕೆ ಬೇಲಿಯ ಹತ್ತಿರ ಇದ್ದ. ದಡದಿಂದ ದಡಕ್ಕೆ ಒತ್ತಾಗಿ ನಿಲ್ಲಿಸಿದ ಸಲಾಕೆಗಳು. ನಡುವೆ ಒಂದೇ ಒಂದು ಕಿಂಡಿ. ಕಿಂಡಿಯ ಕೆಳಗೆ ಹೊಳೆಯ ತಳದಲ್ಲಿ ಬಿಳಿ ಹಲಗೆ ಹಾಸಿದ್ದರು, ದಾಟುವ ಮೀನು ಚೆನ್ನಾಗಿ ಕಾಣಲೆಂದು. ಅದರ ಮೇಲೆ ಅಡ್ಡ ಹಾಕಿದ ಹಲಗೆಯ ಮೇಲೆ ಇಬ್ಬರೂ ಕೂತರು. ವೆಲ್ಮಾಳ ಕೈಯಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎನ್ನುವ ಎಣಿಕೆಯ ಡಬ್ಬಿ.

ಅರ್ಧ ಗಂಟೆ ಏನೂ ಇಲ್ಲ. ನೀರು ಹರಿಯುತ್ತಿತ್ತು, ಅಷ್ಟೇ. ಹಾಲ್ವರನಿಗೆ ಸೊಂಟ ಹಿಡಿಯಿತು. "ಇದಕ್ಕೆ ಸಂಬಳ ಬೇರೆ ಕೊಡ್ತಾರಾ ನಿನಗೆ?"

"ಶ್ಶ್. ಕೆಳಗೆ ನೋಡು."

ಬಿಳಿ ಹಲಗೆಯ ಅಂಚಿಗೆ ಒಂದು ನೆರಳು ಬಂದು ನಿಂತಿತು. ಆಮೇಲೆ ಅದು ನೆರಳಲ್ಲ ಎಂದು ತಿಳಿಯಿತು. ಹಾಲ್ವರನ ತೋಳಿಗಿಂತ ಉದ್ದದ ಸಾಲ್ಮನ್. ಕಡಲಿನ ಬೆಳ್ಳಿ ಬಣ್ಣ ಹೋಗಿ ತಾಮ್ರದ ಬಣ್ಣಕ್ಕೆ ತಿರುಗುತ್ತಿದ್ದ ಮೈ. ಬೆನ್ನಿನ ಮೇಲೆ ಎಂದೋ ಸೀಲ್ ಎಂಬ ಕಡಲ ಪ್ರಾಣಿ ಕಚ್ಚಿ ಮಾಯ್ದ ಗಾಯ. ಅದು ಹರಿವಿಗೆ ಎದುರಾಗಿ ಒಂದೇ ಕಡೆ ನಿಂತಿತ್ತು. ಇಡೀ ಹೊಳೆ ಅದನ್ನು ಹಿಂದಕ್ಕೆ ತಳ್ಳುತ್ತಿದ್ದರೂ ಬಾಲವನ್ನು ಮೆಲ್ಲಗೆ, ಅವಸರವೇ ಇಲ್ಲದೆ ಆಡಿಸುತ್ತಿತ್ತು. ಕಿವಿರು ತೆರೆದು ಮುಚ್ಚುವುದು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಅಬ್ಬಾ! ನಾಲ್ಕು ವರ್ಷ ಕಡಲಲ್ಲಿ ಇದ್ದ ಜೀವ. ಸೀಲ್‌ಗೆ ಸಿಗದೆ, ತಿಮಿಂಗಿಲಕ್ಕೆ ಸಿಗದೆ, ಬಲೆಗಳನ್ನು ತಪ್ಪಿಸಿ, ಯಾರೂ ದಾರಿ ಹೇಳದೆ, ಸಾವಿರ ಹೊಳೆಗಳ ನಡುವೆ ತಾನು ಹುಟ್ಟಿದ ನೀರಿನ ವಾಸನೆ ಗುರುತು ಹಿಡಿದು ಬಂದಿದೆ. ಮೊಟ್ಟೆ ಇಟ್ಟು ಸಾಯುವುದಕ್ಕೆ ಬಂದಿದೆ. ಹಾಲ್ವರ್ ಇಷ್ಟು ವರ್ಷ ಮೀನನ್ನು ದಾರದ ತುದಿಯಲ್ಲಿ ನೋಡಿದ್ದ, ಒದ್ದಾಡುವಾಗ ನೋಡಿದ್ದ, ತಕ್ಕಡಿಯಲ್ಲಿ ನೋಡಿದ್ದ. ತನ್ನ ಪಾಡಿಗೆ ತಾನು ಮನೆಗೆ ಹೋಗುತ್ತಿರುವ ಮೀನನ್ನು ಒಮ್ಮೆಯೂ ನೋಡಿರಲಿಲ್ಲ. ತನಗೇ ಗೊತ್ತಿಲ್ಲದೆ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಮೀನು ಕಿಂಡಿ ದಾಟಿತು. ಟಿಕ್.

"ಇನ್ನೂರ ಹದಿನೈದು," ಎಂದಳು ವೆಲ್ಮಾ.

 "ಎಷ್ಟು ದೊಡ್ಡದು ಕಣೇ," ಎಂದ ಹಾಲ್ವರ್, ಸಣ್ಣ ದನಿಯಲ್ಲಿ.

"ಈಗ ಇನ್ನೊಂದು ನೋಡ್ಬೇಕು ನೀನು. ಇದು ನೋಡೋಕೆ ಚೆನ್ನಾಗಿಲ್ಲ."

ದಡದ ಗುಡಿಸಲಿನಲ್ಲಿ ಒದ್ದೆ ಗೋಣಿಯ ಕೆಳಗೆ ಒಂದು ಸತ್ತ ಸಾಲ್ಮನ್ ಇತ್ತು. ನಿನ್ನೆ ಬೇಲಿಯ ಕೆಳಗಿನ ಜಲ್ಲಿಕಲ್ಲುಗಳ ಮೇಲೆ ಸಿಕ್ಕಿದ್ದು. ವೆಲ್ಮಾ ಹೊಟ್ಟೆಯ ಸೀಳನ್ನು ಬಿಡಿಸಿ ತೋರಿಸಿದಳು. ಒಳಗೆ ಕಿತ್ತಳೆ ಬಣ್ಣದ ಮೊಟ್ಟೆಗಳು ಒತ್ತೊತ್ತಾಗಿ ತುಂಬಿದ್ದವು. ಒಂದೂ ಹೊರಬಿದ್ದಿರಲಿಲ್ಲ.

"ಹತ್ರ ಹತ್ರ ಐದು ಸಾವಿರ ಇರತ್ತೆ," ಎಂದಳು. ಮೈಯಿಂದ ಒಂದು ಹುರುಪೆ ಕಿತ್ತು ಗಾಜಿನ ಮೇಲಿಟ್ಟು ಭೂತಗನ್ನಡಿ ಕೊಟ್ಟಳು. "ನೀನು ಮಿಲ್ಲಿನವನಲ್ವಾ, ಓದು ನೋಡೋಣ."

ಹಾಲ್ವರ್ ಬಗ್ಗಿದ. ಉಗುರಿನಷ್ಟು ಹುರುಪೆಯಲ್ಲಿ ಉಂಗುರಗಳು! ಕೊಯ್ದ ದಿಮ್ಮಿಯ ತುದಿಯಲ್ಲಿ ಅವನು ಜೀವಮಾನವೆಲ್ಲ ಓದಿದಂಥವೇ. ಒತ್ತಾದ ಗೆರೆ ಚಳಿಗಾಲ, ಅಗಲವಾದದ್ದು ಬೇಸಿಗೆ. ಅವನು ಬೆರಳು ಮಡಚಿ ಎಣಿಸಿದ. ಒಂದು ಚಳಿಗಾಲ ಹೊಳೆಯಲ್ಲಿ, ನಾಲ್ಕು ಕಡಲಲ್ಲಿ. "ಎಲಾ ಇವಳ! ಮೈ ಮೇಲೇ ಬರ್ಕೊಂಡು ಬಂದಿದಾಳಲ್ಲೇ!"

"ಹೂಂ. ಈಗ ಬಾಯಿ ತೆಗೆದು ನೋಡು."

ಗಂಟಲಲ್ಲಿ ಒಂದು ಗಾಳ ಸಿಕ್ಕಿಕೊಂಡಿತ್ತು, ಕತ್ತರಿಸಿದ ತಂಗೂಸಿ ದಾರದ ತುಂಡಿನ ಸಮೇತ. ಗಾಳಕ್ಕೆ ನೇರಳೆ ಬಣ್ಣದ ಉಣ್ಣೆ ಸುತ್ತಿತ್ತು. ಮಾರ್ಗಿಟ್‌ಳ ಹಳೆಯ ಸ್ವೆಟರ್ ಬಿಚ್ಚಿ ಸುತ್ತಿದ ಉಣ್ಣೆ. ಇಡೀ ಹೊಳೆಯಲ್ಲಿ ಆ ಬಣ್ಣದ ಗಾಳ ಕಟ್ಟುವವನು ಒಬ್ಬನೇ.

ಹಾಲ್ವರ್ ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕುಸಿದು ಕೂತ. "ಬಿಟ್ಟಿದ್ದೆ ಕಣೇ ಇದನ್ನ. ಗಾಳ ಆಳಕ್ಕೆ ಹೋಗಿತ್ತು ಅಂತ ಎಳೀದೆ ದಾರ ಕತ್ತರಿಸಿ ಬಿಟ್ಟೆ. ಈಜ್ಕೊಂಡು ಹೋಯ್ತು. ಕಣ್ಣಾರೆ ನೋಡ್ದೆ."

"ಹೋಯ್ತು. ನೀರಿನಿಂದ ಎತ್ತಿ ಎಷ್ಟು ಹೊತ್ತು ಹಿಡ್ಕೊಂಡಿದ್ದೆ?"

ಹಾಲ್ವರ್ ನೆನೆಸಿಕೊಂಡ. ಊರು ನೋಡಲು ಬಂದಿದ್ದ ಇಬ್ಬರು ಪಕ್ಕದಲ್ಲಿ ನಿಂತಿದ್ದರು. ಒಬ್ಬನ ಫೋನಿನಲ್ಲಿ ಫೋಟೋ ಸರಿ ಬರಲಿಲ್ಲ. ಇನ್ನೊಂದು ಅಂದ. ಮತ್ತೊಬ್ಬ ಬಿಸಿಲಿನ ಕಡೆ ತಿರುಗಿ ಅಂದ. "ಎರಡು ನಿಮಿಷ ಆಗಿರಬಹುದು."

"ಬೆಟ್ಟ ಹತ್ತಿ ಓಡ್ಕೊಂಡು ಬಂದು, ತಕ್ಷಣ ಎರಡು ನಿಮಿಷ ಉಸಿರು ಬಿಗಿ ಹಿಡಿ ನೋಡೋಣ. ಹೊಳೆಗೆ ಬಂದ ಮೇಲೆ ಅವಳಿಗೆ ಊಟ ಇಲ್ಲ ಹಾಲ್ವರ್. ಮೈಯಲ್ಲಿರೋ ಕೊಬ್ಬೇ ಬುತ್ತಿ. ಆ ಬುತ್ತೀನೆಲ್ಲ ನಿನ್ನ ದಾರ ಎಳೆಯೋದ್ರಲ್ಲಿ ಮುಗಿಸಿದ್ಲು. ನೀರು ಬೇರೆ ಈ ವರ್ಷ ಬೆಚ್ಚಗಿದೆ. ಬೆಚ್ಚಗಿನ ನೀರಲ್ಲಿ ಮೊದ್ಲೇ ಉಸಿರಾಟ ಕಷ್ಟ."

"ಹಂಗಾದ್ರೆ ಬಿಟ್ಟಿದ್ದೆಲ್ಲ ಸಾಯ್ತವಾ?"

"ಇಲ್ಲಪ್ಪ. ನೀರು ತಣ್ಣಗಿದ್ದು, ನೀರೊಳಗೇ ಗಾಳ ಬಿಡಿಸಿ ಕಳಿಸಿದ್ರೆ ಹೆಚ್ಚಿನವು ಬದುಕ್ತವೆ. ಸಾವಿರಗಟ್ಟಲೆ ಮೀನು ಇದ್ದಾಗ ಒಂದೆರಡು ಹೋದ್ರೆ ಹೊಳೆ ತಡ್ಕೊಳತ್ತೆ. ಇನ್ನೂರು ಚಿಲ್ಲರೆ ಇದ್ದಾಗ ನೀನೇ ಲೆಕ್ಕ ಹಾಕು."

ಹಾಲ್ವರ್ ಮತ್ತೆ ಆ ಮೊಟ್ಟೆಗಳ ಕಡೆ ನೋಡಿದ. ನಾಚಿಕೆ ಆಯಿತು.  "ನಿನ್ನ ಹೊಗೆಮನೆ ಮುಚ್ಚಿದೆ," ಎಂದ. "ನಿನ್ನೆ ಸಂಜೆ ಕಂಡಿತು ನನಗೆ. ತಪ್ಪು ಮಾತಾಡ್ದೆ."

"ಕಾನೂನಿನಲ್ಲಿ ನಮ್ಮ ಊಟದ ಪಾಲು ನಿಮ್ಮ ಆಟಕ್ಕಿಂತ, ದೋಣಿಯವರ ವ್ಯಾಪಾರಕ್ಕಿಂತ ಮೊದ್ಲು. ಅದು ನಮ್ಮ ಹಕ್ಕು, ಅದನ್ನ ಯಾರಿಗೂ ಬಿಟ್ಟುಕೊಡಲ್ಲ. ಆದ್ರೆ ನಮ್ಮ ಪಾಲಿಗಿಂತ ಮೊದ್ಲು ಹೊಳೆಯ ಪಾಲು. ಅದಕ್ಕೇ ಜೂನ್‌ನಲ್ಲೇ ಬಲೆ ಮೇಲೆತ್ತಿಟ್ವಿ. ನಮ್ಮಮ್ಮನಿಗೆ ಎಂಬತ್ತೊಂಬತ್ತು. ಹುಟ್ಟಿದಾಗಿನಿಂದ ಹೊಗೆ ಮೀನು ಇಲ್ಲದ ಆಗಸ್ಟ್ ಇದೇ ಮೊದಲನೇದು ಅಂತಿದ್ಲು." ವೆಲ್ಮಾ ಗೋಣಿಯನ್ನು ಮತ್ತೆ ಹೊದಿಸಿದಳು. "ಆ ಗಾಳ ತಗೊಂಡು ಹೋಗು. ನಿನ್ನದು ತಾನೇ."

ಮರುದಿನ ಸಭೆ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ. ಒಂದು ಕಡೆ ವೆಲ್ಮಾ ಮತ್ತು ಅವಳ ಜನರ ಹಿರಿಯರು, ಎದುರಿಗೆ ದೋಣಿ ಮೀನುಗಾರರು. ಅವರ ಮುಂದೆ ಕೈಕಟ್ಟಿ ಕೂತ ಮಿನೋರು, ಅಜ್ಜನ ಕಾಲದಿಂದ ಕಡಲನ್ನೇ ನಂಬಿದವನು. ಗಾಳದವರು ಹಾಲ್ವರನ ಬೆನ್ನ ಹಿಂದೆ ಗುಂಪಾಗಿ ನಿಂತಿದ್ದರು.

"ಮೊದ್ಲು ಆಟದವರು ಬಿಡಲಿ," ಎಂದ ಮಿನೋರು. "ನಮಗೆ ಇದು ಹೊಟ್ಟೆಪಾಡು. ನಾವು ಮನೇಲಿ ಕೂತು, ಇವರು ಗಂಟೆ ಬಾರಿಸ್ಕೊಂಡು ಮೀನು ಎತ್ತೋದನ್ನ ನೋಡ್ಬೇಕಾ?"

"ನೋಡೋದು ಬೇಡ," ಎಂದ ಹಾಲ್ವರ್. ಜೇಬಿನಿಂದ ನೇರಳೆ ಉಣ್ಣೆಯ ಗಾಳ ತೆಗೆದು ಮೇಜಿನ ಮೇಲಿಟ್ಟ. "ಇದು ಯಾರದ್ದು ಅಂತ ಎಲ್ಲರಿಗೂ ಗೊತ್ತು. ಐದು ಸಾವಿರ ಮೊಟ್ಟೆ ಇದ್ದ ಹೆಣ್ಣುಮೀನಿನ ಗಂಟಲಲ್ಲಿತ್ತು. ಬಿಟ್ಟೆ, ಬದುಕ್ತು ಅಂತ ಜಂಭ ಕೊಚ್ಚಿಕೊಂಡು ತಿರುಗ್ತಿದ್ದೆ. ಕಾಗದ ಕೊಡಿ ಇಲ್ಲಿ."

ಹಿಂದಿನಿಂದ ಯಾರೋ ಕೂಗಿದರು, "ಐವತ್ತನೇ ವರ್ಷ ಕಣಯ್ಯಾ! ನಿಮ್ಮಪ್ಪ ಇದ್ದಿದ್ರೆ ಏನಂತಿದ್ದ?"

ಹಾಲ್ವರ್ ತಿರುಗಿ ನೋಡಿದ. "ನಮ್ಮಪ್ಪ ಇದ್ದಾಗ ಮೀನಿತ್ತು," ಎಂದ. ಸಹಿ ಹಾಕಿದ.

ಮಿನೋರು ಗಾಳವನ್ನು ಎತ್ತಿ ಹೊರಳಿಸಿ ನೋಡಿ ಕೆಳಗಿಟ್ಟ. ಪೆನ್ನಿಗೆ ಕೈ ಚಾಚಿದ. ಆಮೇಲೆ ಎರಡು ಗಂಟೆ ಜಗಳ ನಡೆಯಿತು ಅನ್ನಿ, ಆರುನೂರು ದಾಟಿದ ಮೇಲೆ ಯಾರಿಗೆ ಎಷ್ಟು ಎಂದು. ಮೊದಲು ಮೂಲನಿವಾಸಿ ಜನರ ಊಟಕ್ಕೆ, ಅದರಲ್ಲೂ ಮುದುಕರ ಮನೆಗಳಿಗೆ. ಆಮೇಲೂ ಮೀನು ಬರುತ್ತಲೇ ಇದ್ದರೆ ದೋಣಿಗಳಿಗೆ ಎರಡು ದಿನ. ಗಾಳದವರಿಗೆ ಎರಡು ಶನಿವಾರ, ನೀರು ತಣ್ಣಗಿರುವ ಬೆಳಗಿನ ಹೊತ್ತು ಮಾತ್ರ, ತಲೆಗೆ ಒಂದೇ ಮೀನು, ಅಲ್ಲಿಗೆ ಮುಗಿಯಿತು. ಹಿಡಿದು ಬಿಡುವ ಆಟ ಈ ವರ್ಷ ಇಲ್ಲ. ಯಾರಿಗೂ ಪೂರ್ತಿ ಸಮಾಧಾನ ಆಗಲಿಲ್ಲ. ಆದರೆ ಎಲ್ಲರೂ ಒಪ್ಪಿದರು.

ಪಂದ್ಯದ ಶನಿವಾರ ಬಂತು. ಹಾಲ್ವರ್ ಅಪ್ಪನ ಗಂಟೆಯನ್ನು ಹೊತ್ತುಕೊಂಡು ಹೋಗಿ ಎಣಿಕೆ ಬೇಲಿಯ ಕಂಬಕ್ಕೆ ಕಟ್ಟಿದ. "ಈ ಸಲ ಒಂದೇ ಸಲ ಬಾರಿಸೋದು, ಆರುನೂರನೇದು ದಾಟಿದಾಗ," ಎಂದು ಸಾರಿದ. ಗಾಳದ ಕೋಲು ಮನೆಯಲ್ಲಿ ಬಿಟ್ಟು ಬಂದವರು ಮೊದಮೊದಲು ಮುಖ ಊದಿಸಿಕೊಂಡಿದ್ದರು. ಹಲಗೆಯ ಮೇಲೆ ಮೂವರು ಮೂವರಂತೆ ಕೂತು ಮೀನು ನೋಡಿ ಎದ್ದು ಬಂದವರು ಮಾತ್ರ ದನಿ ಏರಿಸಲಿಲ್ಲ.  ಸಂಜೆಗೆ ಲೆಕ್ಕ ಐನೂರ ಎಪ್ಪತ್ತೊಂದಕ್ಕೆ ನಿಂತಿತು. ಐವತ್ತು ವರ್ಷದಲ್ಲಿ ಮೊದಲ ಬಾರಿಗೆ ಪಂದ್ಯದ ದಿನ ಗಂಟೆ ಬಾರಿಸಲಿಲ್ಲ.

ಭಾನುವಾರ ಮೇಲಿನ ಬೆಟ್ಟಗಳಲ್ಲಿ ಮಳೆ ಬಿತ್ತು. ಹೊಳೆ ತಣ್ಣಗಾಯಿತು.

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ. ಹಲಗೆಯ ಮೇಲೆ ಹಾಲ್ವರ್, ವೆಲ್ಮಾ, ಬಲೆ ರಿಪೇರಿ ಬಿಟ್ಟು ಬಂದ ಮಿನೋರು. ಐನೂರ ತೊಂಬತ್ತೆಂಟು ದಾಟಿತ್ತು. ಬಿಳಿ ಹಲಗೆಯ ಮೇಲೆ ಎರಡು ಮೀನು ಜೊತೆಯಾಗಿ ಬಂದು ನಿಂತವು. ಒಂದು ಹೆಣ್ಣು, ಒಂದು ಗಂಡು.  ಬಿಸಿಲು ನೀರಿನ ತಳದವರೆಗೂ ಇಳಿದಿತ್ತು. ಹೆಣ್ಣು ಮುಂದೆ ಹೋಯಿತು. ಗಂಡು ಅದರ ಹಿಂದೆಯೇ ಹೋಯಿತು. ಟಿಕ್, ಟಿಕ್.

"ಬಾರಿಸೋ!" ಎಂದಳು ವೆಲ್ಮಾ.

ಹಾಲ್ವರ್ ಎದ್ದ. ಹಗ್ಗ ಹಿಡಿದು ಎಳೆದ. ಒಂದೇ ಸಲ. ಆ ಶಬ್ದ ಹೊಳೆಯ ಉದ್ದಕ್ಕೂ ಊರಿನವರೆಗೆ ಹೋಯಿತು. ಅಷ್ಟು ವರ್ಷ ಆ ಗಂಟೆ ನೀರಿನಿಂದ ಹೊರಗೆ ಬಂದ ಮೀನಿಗೆ ಬಾರಿಸಿತ್ತು. ಅಂದು ಬಾರಿಸಿದ್ದು ಮನೆ ಸೇರಿದ ಮೀನಿಗೆ. ಅವನು ಅತ್ತ. ಮಿನೋರು ಬೇರೆ ಕಡೆ ನೋಡಿದ.

ಆಮೇಲೆ ಎಲ್ಲರಿಗೂ ಅವರವರ ಪಾಲು ಬಂತು. ಅಂದುಕೊಂಡದ್ದಕ್ಕಿಂತ ಕಡಿಮೆಯೇ. ಹಾಲ್ವರ್ ತನ್ನ ಎರಡೂ ಶನಿವಾರ ಕೋಲು ಹಿಡಿದು ನಿಂತ. ಒಂದೂ ಬೀಳಲಿಲ್ಲ. ತಪ್ಪಿಸಿಕೊಂಡದ್ದು ಎಷ್ಟು ಉದ್ದ ಇತ್ತು ಎಂದು ಮಾತ್ರ ಈಗಲೂ ಹೇಳುತ್ತಾನೆ.

ಒಂದು ಬೆಳಿಗ್ಗೆ ಮಾರ್ಗಿಟ್ ತಂತಿಯಿಂದ ಹೊದಿಕೆ ತೆಗೆಯಲು ಹೋದಳು. ಮೂಸಿ ನೋಡಿದಳು. ಬೇಲಿಯ ಹತ್ತಿರ ಓಡಿದಳು. "ವೆಲ್ಮಾ! ಏ ವೆಲ್ಮಾ! ನನ್ನ ದಿಂಬೂ ಮೀನಾಯ್ತಲ್ಲೇ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಕೂಗುತ್ತಾ ನಗುತ್ತಿದ್ದಳು. ಹೊಗೆಮನೆಯ ಬಾಗಿಲು ತೆರೆದಿತ್ತು. ಒಳಗೆ ವೆಲ್ಮಾಳ ಅಮ್ಮ ಕುರ್ಚಿ ಹಾಕಿಕೊಂಡು ಕೂತು, ಸೌದೆ ಸರಿಯಾಗಿ ಇಡಿ ಎಂದು ಎಲ್ಲರನ್ನೂ ಬೈಯುತ್ತಿದ್ದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಿನ ನೀರಿನಲ್ಲಿ ಸಾಲ್ಮನ್ ಇಲ್ಲದಿರಬಹುದು. ಆದರೆ ಮೀನು ಮೊಟ್ಟೆ ಇಡುವ ಕಾಲ ಒಂದು ಇದ್ದೇ ಇದೆ. ಆ ಕಾಲ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಆಗ ಗಾಳ, ಬಲೆ ಎರಡನ್ನೂ ಮನೆಯಲ್ಲಿಡಿ. ಖುಷಿಗೆ ಮೀನು ಹಿಡಿಯುವವರು ಬೆಚ್ಚಗಿನ ನೀರಿನಲ್ಲಿ ಆಟ ಆಡಬೇಡಿ. ಬಿಡುವ ಮೀನನ್ನು ನೀರಿನಿಂದ ಎತ್ತಲೇಬೇಡಿ, ಫೋಟೋ ಇಲ್ಲದಿದ್ದರೆ ಏನೂ ಮುಳುಗುವುದಿಲ್ಲ. ಪಾಲು ಮಾಡುವ ಸಭೆಗೆ ತಪ್ಪದೆ ಹೋಗಿ, ಜಗಳವಾಡಿ, ಆದರೆ ಮೊದಲ ಪಾಲು ಹೊಳೆಗೆ, ಎರಡನೆಯದು ಅದನ್ನೇ ಉಂಡು ಬದುಕಿದವರಿಗೆ ಎಂಬುದನ್ನು ಮರೆಯಬೇಡಿ. ಪಕ್ಕದವನು ಬಿಟ್ಟರೆ ನಾನೂ ಬಿಡುತ್ತೇನೆ ಎಂದು ಎಲ್ಲರೂ ಕಾಯುತ್ತಾ ಕೂತರೆ ಕಾಯುವುದಕ್ಕೆ ಮೀನೇ ಉಳಿಯುವುದಿಲ್ಲ.

ಬಿಡುವಾದಾಗ ಒಂದು ಬೆಳಿಗ್ಗೆ ಬರಿಗೈಯಲ್ಲಿ ಹೊಳೆಯ ದಂಡೆಗೆ ಹೋಗಿ ಸುಮ್ಮನೆ ಕೂತು ನೋಡಿ. ಮೀನು ತನ್ನ ಪಾಡಿಗೆ ತಾನು ಹೋಗುವುದನ್ನು ಒಮ್ಮೆ ಕಂಡ ಮೇಲೆ ಉಳಿದದ್ದನ್ನು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ.